ಬೇಲಿಯ ಪಾಪಾಸುಕಳ್ಳಿ ಎಲ್ಲಿಂದ ಬಂತು?

ನಿಮ್ಮೂರಿನ ಬೇಲಿಯಲ್ಲಿ ಪಾಪಾಸುಕಳ್ಳಿ ಇದ್ದರೆ ಒಮ್ಮೆ ಹತ್ತಿರ ಹೋಗಿ ನೋಡಿ. ಅದರ ದಪ್ಪ ಹಾಳೆಗಳ ಮೇಲೆ ಕೆಲವೊಮ್ಮೆ ಹತ್ತಿಯಂಥ ಬಿಳಿ ಚುಕ್ಕೆಗಳು ಅಂಟಿಕೊಂಡಿರುತ್ತವೆ. ಕಡ್ಡಿಯಿಂದ ಒತ್ತಿದರೆ ರಕ್ತದಂಥ ಕೆಂಪು ರಸ ಬರುತ್ತದೆ. ಅದು ಬೂಸ್ಟಲ್ಲ, ಹುಳ. ಈ ಗಿಡ ನಮ್ಮ ನಾಡಿನಲ್ಲಿ ಹಬ್ಬಿದ ಕಥೆಗೂ ತಗ್ಗಿದ ಕಥೆಗೂ ಈ ಹುಳಕ್ಕೂ ನಂಟಿದೆ.

ಪಾಪಾಸುಕಳ್ಳಿ ಅಮೆರಿಕ ಖಂಡದ ಗಿಡ. ಮುರಿದರೆ ಹಾಲು ಸುರಿಸುವ ನಮ್ಮ ಚದುರಗಳ್ಳಿಯ ಕುಲವೇ ಬೇರೆ. ಮೆಕ್ಸಿಕೋದ ಜನ ಪಾಪಾಸುಕಳ್ಳಿಯ ಮೇಲೆ ಕೊಚಿನೀಲ್ ಎಂಬ ಹುಳ ಸಾಕಿ, ಒಣಗಿಸಿ, ಬಟ್ಟೆಗೆ ಕೆಂಪು ಬಣ್ಣ ತೆಗೆಯುತ್ತಿದ್ದರು. ಅಲ್ಲಿ ಆಳತೊಡಗಿದ ಸ್ಪೇನ್ ದೇಶ ಈ ವ್ಯಾಪಾರವನ್ನು ತನ್ನ ಮುಷ್ಟಿಯಲ್ಲೇ ಇಟ್ಟುಕೊಂಡಿತು. ಯುರೋಪಿನಲ್ಲಿ ಆ ಬಣ್ಣಕ್ಕೆ ಭಾರಿ ಬೆಲೆಯಿತ್ತು.

ಈಸ್ಟ್ ಇಂಡಿಯಾ ಕಂಪನಿಗೂ ಆಸೆ ಹುಟ್ಟಿತು. ಮದರಾಸಿನಲ್ಲಿದ್ದ ವೈದ್ಯ ಜೇಮ್ಸ್ ಆಂಡರ್ಸನ್ ಸೈದಾಪೇಟೆಯಲ್ಲಿ ಕಳ್ಳಿಯ ತೋಟವನ್ನೇ ಮಾಡಿಸಿದರು. 1795ರಲ್ಲಿ ಕ್ಯಾಪ್ಟನ್ ನೀಲ್ಸನ್ ಎಂಬಾತ ಬ್ರೆಜಿಲ್ ದೇಶದ ರಿಯೊ ಡಿ ಜನೈರೊದಿಂದ ಹುಳ ತಂದ. ಆದರೆ ಅದು ಅಸಲಿ ಹುಳವಲ್ಲ, ಅದರ ಕಾಡು ದಾಯಾದಿ. ಬಣ್ಣ ಕಳಪೆಯಾಯಿತು, ಲಾಭ ಕೈಗೆ ಹತ್ತಲಿಲ್ಲ.

ಬಣ್ಣ ಕೊಡದ ಆ ಹುಳ ಒಂದು ಜಾತಿಯ ಪಾಪಾಸುಕಳ್ಳಿಯನ್ನು ಮಾತ್ರ ತಿಂದು ಮುಗಿಸುತ್ತಿತ್ತು. ಇದನ್ನು ಗಮನಿಸಿ 1836ರಿಂದ 1838ರ ನಡುವೆ ಅದನ್ನು ದಕ್ಷಿಣ ಭಾರತಕ್ಕೆ ತಂದು, ಹೊಲ ಗೋಮಾಳ ನುಂಗುತ್ತಿದ್ದ ಕಳ್ಳಿಯ ಮೇಲೆ ಬಿಟ್ಟರು. ಕಳೆ ತೆಗೆಯಲು ಬೇಕೆಂದೇ ಹುಳ ಬಿಟ್ಟು ಗೆದ್ದ ಮೊದಲ ಉದಾಹರಣೆಗಳಲ್ಲಿ ಇದೂ ಒಂದು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಇನ್ನೊಂದು ಜಾತಿಯ ಪಾಪಾಸುಕಳ್ಳಿಯನ್ನು ಈ ಹುಳ ಮುಟ್ಟಲಿಲ್ಲ. ಅದು ದಕ್ಷಿಣದಲ್ಲಿ ಹಬ್ಬುತ್ತಲೇ ಹೋಯಿತು. 1926ರಲ್ಲಿ ಶ್ರೀಲಂಕಾದಿಂದ ಬೇರೆ ಜಾತಿಯ ಕೊಚಿನೀಲ್ ಹುಳ ತರಿಸಿದ ಮೇಲೆ, ಕೆಲವೇ ವರ್ಷಗಳಲ್ಲಿ ಸುಮಾರು 40,000 ಹೆಕ್ಟೇರ್ ನೆಲ ಬಿಡುಗಡೆಯಾಯಿತು. ಆಸ್ಟ್ರೇಲಿಯಾದಲ್ಲಿ ಇದೇ ಕುಲದ ಕಳ್ಳಿಯನ್ನು ತಿಂದು ರೈತರನ್ನು ಉಳಿಸಿದ ಒಂದು ಪತಂಗದ ನೆನಪಿಗೆ ಜನ ಸಭಾಭವನವನ್ನೇ ಕಟ್ಟಿದ್ದಾರೆ.

ಈಗ ಹೇಳಲು ಕಾರಣವಿದೆ. ಕಡಿಮೆ ನೀರಿಗೆ ಬದುಕುತ್ತವೆ ಎಂದು ದಪ್ಪ ಎಲೆಯ ಗಿಡಗಳು, ಬಗೆಬಗೆಯ ಕಳ್ಳಿಗಳು ನರ್ಸರಿಯಿಂದ ನಮ್ಮ ಅಂಗಳಕ್ಕೂ ಬರುತ್ತಿವೆ. ಬೆಳೆಸುವುದು ಸುಲಭ: ಹಾಳೆ ಕತ್ತರಿಸಿ, ಗಾಯ ಒಣಗುವ ತನಕ ಕೆಲವು ದಿನ ನೆರಳಿನಲ್ಲಿಡಿ. ಮರಳು ಬೆರೆಸಿದ ಮಣ್ಣಿಗೆ ಊರಿ, ಮಣ್ಣು ಪೂರ್ತಿ ಒಣಗಿದ ಮೇಲಷ್ಟೇ ನೀರು ಹಾಕಿ. ನೀರು ನಿಂತರೆ ಬೇರು ಕೊಳೆಯುತ್ತದೆ.

ಅಷ್ಟು ಸುಲಭವಾಗಿ ಚಿಗುರುವುದೇ ಅಪಾಯ ಕೂಡ. ಬೇಡವಾದ ಪಾಪಾಸುಕಳ್ಳಿಯ ತುಂಡನ್ನು ಹಳ್ಳದ ದಂಡೆಗೋ ಗೋಮಾಳಕ್ಕೋ ಎಸೆದರೆ ಬಿದ್ದಲ್ಲೇ ಬೇರು ಬಿಡುತ್ತದೆ. ಕುಂಡದಲ್ಲಿ ಬೆಳೆಸೋಣ. ಹೆಚ್ಚಾದದ್ದನ್ನು ಪೂರ್ತಿ ಒಣಗಿಸಿ ಸುಡೋಣ ಅಥವಾ ಆಳವಾಗಿ ಹೂಳೋಣ. ಕಂಪನಿಯ ಆಸೆಗೆ ದಂಡ ಕಟ್ಟಿದವರು ನಮ್ಮ ಹಿಂದಿನ ರೈತರು. ಮುಂದಿನವರಿಗೆ ಆ ದಂಡ ಬೀಳದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲೇ ಇದೆ.