ಡಿಸ್ಕ್ ಬರೆದ ನಂತರ ಆಪ್ಟಿಕಲ್ ಡ್ರೈವ್ ಗುರುತಿಸದಿರುವ ಸಮಸ್ಯೆ

ಸಿ.ಡಿ. ಅಥವಾ ಡಿ.ವಿ.ಡಿ.ಗೆ ಮಾಹಿತಿಯನ್ನು ಬರೆದ (ಬರ್ನ್ ಮಾಡಿದ) ನಂತರ ಎರಡು ಬಗೆಯ ತೊಂದರೆಗಳು ಕಾಣಿಸಿಕೊಳ್ಳಬಹುದು. ಮೊದಲನೆಯದು, ಬರೆದ ಡಿಸ್ಕನ್ನು ಆಪ್ಟಿಕಲ್ ಡ್ರೈವ್ ಗುರುತಿಸದಿರುವುದು. ಎರಡನೆಯದು, ಡ್ರೈವನ್ನೇ ಗಣಕಯಂತ್ರವು ಗುರುತಿಸದಿರುವುದು. ಇವೆರಡರ ಲಕ್ಷಣಗಳು ಹೊರನೋಟಕ್ಕೆ ಒಂದೇ ರೀತಿ ಕಂಡರೂ ಕಾರಣಗಳು ಬೇರೆ. ಡಿಸ್ಕ್ ಓದಲಾಗದಿದ್ದ ಮಾತ್ರಕ್ಕೆ ಅದರಲ್ಲಿನ ಮಾಹಿತಿ ನಾಶವಾಗಿದೆ ಎಂದು ತೀರ್ಮಾನಿಸಲಾಗುವುದಿಲ್ಲ. ದೋಷವು ಡಿಸ್ಕಿನಲ್ಲಿದೆಯೇ, ಬರೆದ ಕ್ರಮದಲ್ಲಿದೆಯೇ, ಡ್ರೈವಿನಲ್ಲಿದೆಯೇ ಅಥವಾ ಕಾರ್ಯಾಚರಣ ವ್ಯವಸ್ಥೆಯಲ್ಲಿದೆಯೇ ಎಂಬುದನ್ನು ಮೊದಲು ನಿರ್ಧರಿಸುವುದು ಅಗತ್ಯ.

ಹಿನ್ನೆಲೆ

ಸಿ.ಡಿ.ಯು 1982ರಲ್ಲಿ ಮಾರುಕಟ್ಟೆಗೆ ಬಂದಿತು. ಮನೆಯಲ್ಲಿಯೇ ಬರೆಯಬಹುದಾದ ಸಿ.ಡಿ.-ಆರ್ ಹಾಗೂ ಡಿ.ವಿ.ಡಿ.-ಆರ್‌ಗಳು ಭಾರತದಲ್ಲಿ 2000ದ ದಶಕದಲ್ಲಿ ಅಗ್ಗವಾದವು. ಮೋಸರ್ ಬೇಯರ್ ಸಂಸ್ಥೆಯು ಇವುಗಳ ದೊಡ್ಡ ತಯಾರಕರಲ್ಲಿ ಒಂದಾಗಿತ್ತು. ಪೆನ್ ಡ್ರೈವ್ ಮತ್ತು ಅಂತರಜಾಲದ ಬಳಕೆ ಹೆಚ್ಚಿದಂತೆ ಬೇಡಿಕೆ ಕುಸಿದು, 2018ರಲ್ಲಿ ಆ ಸಂಸ್ಥೆಯ ಸಮಾಪನಕ್ಕೆ ಆದೇಶವಾಯಿತು.

ಮೈಸೂರು ಜಿಲ್ಲೆಯ ನಂಜನಗೂಡು, ತಿರುಮಕೂಡಲು ನರಸೀಪುರದಂತಹ ತಾಲ್ಲೂಕು ಕೇಂದ್ರಗಳಲ್ಲಿ ವಿಡಿಯೊ ಕ್ಯಾಸೆಟ್‌ಗಳ ಕಾಲದ ನಂತರ ಮದುವೆ, ನಾಮಕರಣ, ಗೃಹಪ್ರವೇಶ, ಶಾಲಾ ವಾರ್ಷಿಕೋತ್ಸವಗಳ ಚಿತ್ರೀಕರಣವನ್ನು ಫೋಟೊ ಸ್ಟುಡಿಯೊಗಳು ವಿ.ಸಿ.ಡಿ. ಮತ್ತು ಡಿ.ವಿ.ಡಿ.ಗಳಲ್ಲಿ ನೀಡುತ್ತಿದ್ದವು. ಹಳೆಯ ಕ್ಯಾಸೆಟ್‌ಗಳನ್ನು ಸಿ.ಡಿ.ಗೆ ವರ್ಗಾಯಿಸಿಕೊಡುವ ಕೆಲಸವೂ ನಡೆಯುತ್ತಿತ್ತು. ಅನೇಕ ಮನೆಗಳಲ್ಲಿ ತೀರಿಕೊಂಡ ಹಿರಿಯರ ಧ್ವನಿ ಮತ್ತು ಚಲನಚಿತ್ರ ಉಳಿದಿರುವುದು ಇಂತಹ ಒಂದೇ ಡಿಸ್ಕಿನಲ್ಲಿ. ಇತ್ತೀಚಿನ ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಆಪ್ಟಿಕಲ್ ಡ್ರೈವ್ ಇಲ್ಲದಿರುವುದರಿಂದ ಡಿಸ್ಕ್ ಕೆಟ್ಟಿರುವ ಸಂಗತಿ ತಡವಾಗಿ ತಿಳಿಯುತ್ತದೆ.

ಡ್ರೈವ್ ಡಿಸ್ಕನ್ನು ಗುರುತಿಸುವ ಕ್ರಮ

ಡಿಸ್ಕನ್ನು ಒಳಗಿಟ್ಟಾಗ ಡ್ರೈವ್ ಅದನ್ನು ತಿರುಗಿಸಿ, ಲೇಸರ್ ಕಿರಣವನ್ನು ಹಾಯಿಸಿ, ಮಸೂರವನ್ನು ಮೇಲೆ ಕೆಳಗೆ ಸರಿಸಿ ಮಾಹಿತಿಯ ಪದರವನ್ನು ಹುಡುಕುತ್ತದೆ. ಮರಳಿ ಬರುವ ಬೆಳಕಿನ ಆಧಾರದಿಂದ ಡಿಸ್ಕಿನ ಬಗೆಯನ್ನು ನಿರ್ಧರಿಸುತ್ತದೆ. ಅನಂತರ ಕೇಂದ್ರದ ಸಮೀಪದಲ್ಲಿರುವ ಆರಂಭ ವಲಯಕ್ಕೆ (ಲೀಡ್-ಇನ್) ಹೋಗಿ, ಅಲ್ಲಿರುವ ವಿಷಯಸೂಚಿಯನ್ನು ಓದುತ್ತದೆ. ಈ ಹಂತಗಳಲ್ಲಿ ಯಾವುದು ವಿಫಲವಾದರೂ ‘ಡಿಸ್ಕ್ ಇಲ್ಲ’ ಎಂಬ ಸಂದೇಶವೇ ಕಾಣಿಸಬಹುದು. ಆದುದರಿಂದ ಆ ಸಂದೇಶವೊಂದರಿಂದಲೇ ದೋಷದ ಸ್ಥಾನ ತಿಳಿಯುವುದಿಲ್ಲ.

ಸಿ.ಡಿ.ಗೆ 780 ನ್ಯಾನೊಮೀಟರ್ ತರಂಗಾಂತರದ ಅವಕೆಂಪು ಲೇಸರ್, ಡಿ.ವಿ.ಡಿ.ಗೆ 650 ನ್ಯಾನೊಮೀಟರ್‌ನ ಕೆಂಪು ಲೇಸರ್ ಬಳಕೆಯಾಗುತ್ತದೆ. ಆದುದರಿಂದ ಒಂದೇ ಡ್ರೈವ್ ಡಿ.ವಿ.ಡಿ.ಗಳನ್ನು ಸರಿಯಾಗಿ ಓದಿ, ಯಾವ ಸಿ.ಡಿ.ಯನ್ನೂ ಓದದಿರುವುದು ಸಾಧ್ಯ. ಇದು ಸಾಮಾನ್ಯವಾಗಿ ಒಂದು ಲೇಸರ್ ಕ್ಷೀಣಿಸಿರುವುದರ ಸೂಚನೆ.

ಕಾರಣಗಳು

ಮುಕ್ತಾಯಗೊಳಿಸದ ಡಿಸ್ಕ್: ಬರೆಯುವಿಕೆಯ ಕೊನೆಯಲ್ಲಿ ಆರಂಭ ವಲಯವನ್ನೂ ಅಂತ್ಯ ವಲಯವನ್ನೂ ಬರೆದು ಡಿಸ್ಕನ್ನು ಮುಚ್ಚುವ ಕ್ರಿಯೆಗೆ ಫೈನಲೈಸ್ ಮಾಡುವುದು ಎನ್ನುತ್ತಾರೆ. ಹೀಗೆ ಮಾಡದಿದ್ದರೆ, ವಿಷಯಸೂಚಿಯು ತಾತ್ಕಾಲಿಕ ವಲಯದಲ್ಲಷ್ಟೇ ಇರುತ್ತದೆ. ಬರೆಯುವ ಸಾಮರ್ಥ್ಯವುಳ್ಳ ಡ್ರೈವ್ ಅದನ್ನು ಓದಬಲ್ಲದು. ಓದುವ ಸಾಮರ್ಥ್ಯ ಮಾತ್ರವಿರುವ ಡ್ರೈವ್ ಅಥವಾ ಟಿ.ವಿ.ಗೆ ಜೋಡಿಸುವ ಪ್ಲೇಯರ್‌ಗೆ ಆ ಡಿಸ್ಕ್ ಖಾಲಿಯೆಂದು ತೋರಬಹುದು. ಡಿ.ವಿ.ಡಿ. ಕ್ಯಾಮ್‌ಕಾರ್ಡರ್‌ನಲ್ಲಿ ಚಿತ್ರೀಕರಿಸಿ ನೇರವಾಗಿ ಹೊರತೆಗೆದ ಚಿಕ್ಕ ಡಿಸ್ಕ್‌ಗಳಲ್ಲಿ ಈ ತೊಂದರೆ ಸಾಮಾನ್ಯ. ಡಿಸ್ಕನ್ನು ಬರೆದ ಯಂತ್ರದಲ್ಲಿಯೇ ಫೈನಲೈಸ್ ಮಾಡುವುದು ಇದಕ್ಕೆ ಉತ್ತಮ ಪರಿಹಾರ.

ಕಡತ ವ್ಯವಸ್ಥೆಯ ವ್ಯತ್ಯಾಸ: ವಿಂಡೋಸ್ ವಿಸ್ತಾ ಮತ್ತು ಅನಂತರದ ಆವೃತ್ತಿಗಳಲ್ಲಿ ಡಿಸ್ಕನ್ನು ಪೆನ್ ಡ್ರೈವಿನಂತೆ ಬಳಸುವ ಕ್ರಮ, ಪ್ಲೇಯರ್‌ನಲ್ಲಿ ಓಡುವಂತೆ ಬರೆಯುವ ಕ್ರಮ ಎಂಬ ಎರಡು ಆಯ್ಕೆಗಳಿವೆ. ಮೊದಲನೆಯ ಕ್ರಮದಲ್ಲಿ ಬರೆದ ಡಿಸ್ಕನ್ನು ಹಳೆಯ ಗಣಕಯಂತ್ರಗಳೂ ಪ್ಲೇಯರ್‌ಗಳೂ ಗುರುತಿಸದಿರಬಹುದು. ಹಾಗೆಯೇ ಎಂ.ಪಿ.4 ಕಡತವನ್ನು ಡಿ.ವಿ.ಡಿ.ಗೆ ನಕಲಿಸಿದ ಮಾತ್ರಕ್ಕೆ ಅದು ಡಿ.ವಿ.ಡಿ. ವಿಡಿಯೊ ಆಗುವುದಿಲ್ಲ.

ಪ್ರತಿಫಲನದ ಕೊರತೆ: ಅಳಿಸಿ ಮತ್ತೆ ಬರೆಯಬಹುದಾದ ಸಿ.ಡಿ.-ಆರ್‌ಡಬ್ಲ್ಯೂ ಡಿಸ್ಕ್‌ಗಳು ಸಿ.ಡಿ.-ಆರ್‌ಗಿಂತ ಬಹಳ ಕಡಿಮೆ ಬೆಳಕನ್ನು ಪ್ರತಿಫಲಿಸುತ್ತವೆ. ಇವನ್ನು ಹಳೆಯ ಡ್ರೈವ್‌ಗಳು ಓದಲಾರವು. ಸಿ.ಡಿ.-ಆರ್‌ನಲ್ಲಿ ಮಾಹಿತಿಯು ವರ್ಣದ್ರವ್ಯದ ಪದರದಲ್ಲಿರುತ್ತದೆ. ಬಿಸಿಲು ಮತ್ತು ಶಾಖದಿಂದ ಈ ಪದರ ಕಾಲಕ್ರಮೇಣ ಕೆಡುತ್ತದೆ.

ಮಸೂರದ ಧೂಳು, ವಿದ್ಯುತ್ತಿನ ಕೊರತೆ: ಮಸೂರದ ಮೇಲೆ ಧೂಳು ಕುಳಿತರೆ ಡ್ರೈವ್ ಡಿಸ್ಕನ್ನು ಮತ್ತೆ ಮತ್ತೆ ತಿರುಗಿಸಿ ನಿಲ್ಲಿಸುತ್ತದೆ. ಹೊರಗಿನಿಂದ ಜೋಡಿಸುವ ಡ್ರೈವ್‌ಗಳಿಗೆ ಯು.ಎಸ್.ಬಿ. 2.0 ಕಿಂಡಿಯ 500 ಮಿಲಿಆಂಪಿಯರ್ ವಿದ್ಯುತ್ತು ಕೆಲವೊಮ್ಮೆ ಸಾಲುವುದಿಲ್ಲ. ಆಗ ಎರಡು ಪ್ಲಗ್‌ಗಳುಳ್ಳ ಕೇಬಲನ್ನು ಬಳಸಬೇಕು ಅಥವಾ ಡ್ರೈವನ್ನು ಗಣಕಯಂತ್ರದ ಹಿಂಬದಿಯ ಕಿಂಡಿಗೆ ನೇರವಾಗಿ ಜೋಡಿಸಬೇಕು.

ಕಾರ್ಯಾಚರಣ ವ್ಯವಸ್ಥೆಯ ದೋಷ: ಡಿಸ್ಕ್ ಬರೆಯುವ ತಂತ್ರಾಂಶವನ್ನು ಸ್ಥಾಪಿಸಿದಾಗ ಅಥವಾ ತೆಗೆದುಹಾಕಿದಾಗ, ವಿಂಡೋಸ್ ರಿಜಿಸ್ಟ್ರಿಯಲ್ಲಿ ‘ಅಪ್ಪರ್ ಫಿಲ್ಟರ್ಸ್’ ಮತ್ತು ‘ಲೋವರ್ ಫಿಲ್ಟರ್ಸ್’ ಎಂಬ ನಮೂದುಗಳು ಕೆಟ್ಟು ಉಳಿಯಬಹುದು. ಆಗ ಡ್ರೈವ್ ‘ಮೈ ಕಂಪ್ಯೂಟರ್’ನಿಂದ ಮಾಯವಾಗುತ್ತದೆ, ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಚಿಹ್ನೆಯೊಡನೆ 19, 31, 32, 39 ಅಥವಾ 41ರ ದೋಷಸಂಖ್ಯೆ ಕಾಣಿಸುತ್ತದೆ. ಡ್ರೈವಿನ ಯಂತ್ರಭಾಗಗಳು ಸರಿಯಾಗಿಯೇ ಇರುವುದರಿಂದ ಹೊಸ ಡ್ರೈವ್ ಕೊಂಡರೂ ಈ ದೋಷ ಹೋಗುವುದಿಲ್ಲ.

ದೋಷ ಪತ್ತೆಯ ಕ್ರಮ

ಪರೀಕ್ಷೆಯನ್ನು ಸುಲಭವಾದ ಹಾಗೂ ಹಾನಿಯಿಲ್ಲದ ಹಂತಗಳಿಂದ ಆರಂಭಿಸಬೇಕು.

1. ಡಿಸ್ಕನ್ನು ಹೊರತೆಗೆದು ಮತ್ತೆ ಹಾಕಬೇಕು. ಬರೆದ ಕೂಡಲೇ ಕೆಲವು ಡ್ರೈವ್‌ಗಳು ಹಳೆಯ ಸ್ಥಿತಿಯನ್ನೇ ತೋರಿಸುತ್ತಿರುತ್ತವೆ.

2. ಕಾರ್ಖಾನೆಯಲ್ಲಿ ಅಚ್ಚಾದ ಚಲನಚಿತ್ರ ಅಥವಾ ಸಂಗೀತದ ಡಿಸ್ಕನ್ನು ಅದೇ ಡ್ರೈವಿನಲ್ಲಿ ಪರೀಕ್ಷಿಸಬೇಕು. ಅದು ಓದಿದರೆ, ಬರೆದ ಡಿಸ್ಕಿನ ಮೇಲೆ ಸಂಶಯ ಹೆಚ್ಚುತ್ತದೆ.

3. ಬರೆದ ಡಿಸ್ಕನ್ನು ಬೇರೊಂದು ಡ್ರೈವಿನಲ್ಲಿ, ಸಾಧ್ಯವಾದರೆ ಅದನ್ನು ಬರೆದ ಡ್ರೈವಿನಲ್ಲಿಯೇ, ನೋಡಬೇಕು. ಅಲ್ಲಿ ಓದಿದರೆ ಕೂಡಲೇ ಪ್ರತಿ ಮಾಡಿಕೊಳ್ಳಬೇಕು.

4. ಯಾವ ಡಿಸ್ಕೂ ಓದದಿದ್ದರೆ, ಗಣಕಯಂತ್ರ ಆರಂಭವಾಗುವಾಗ ಬರುವ ಬಯೋಸ್ ಪರದೆಯಲ್ಲಿ ಡ್ರೈವಿನ ಹೆಸರಿದೆಯೇ ಎಂದು ನೋಡಬೇಕು. ಒಳಗಿನ ಡ್ರೈವಿನ ಹೆಸರು ಅಲ್ಲಿಲ್ಲದಿದ್ದರೆ ಕೇಬಲ್, ವಿದ್ಯುತ್ ಜೋಡಣೆ ಅಥವಾ ಡ್ರೈವ್ ಕೆಟ್ಟಿರಬಹುದು.

5. ಬಯೋಸ್‌ನಲ್ಲಿದ್ದು ವಿಂಡೋಸ್‌ನಲ್ಲಿ ಇಲ್ಲದಿದ್ದರೆ, ಡಿವೈಸ್ ಮ್ಯಾನೇಜರ್‌ನಲ್ಲಿ ಡ್ರೈವನ್ನು ಅನ್‌ಇನ್‌ಸ್ಟಾಲ್ ಮಾಡಿ ಯಂತ್ರವನ್ನು ಮತ್ತೆ ಆರಂಭಿಸಬೇಕು. ವಿಂಡೋಸ್ ಡ್ರೈವನ್ನು ತಾನಾಗಿ ಮತ್ತೆ ಸೇರಿಸಿಕೊಳ್ಳುತ್ತದೆ.

6. ಮೇಲಿನ ದೋಷಸಂಖ್ಯೆಗಳು ಉಳಿದಿದ್ದರೆ, ರಿಜಿಸ್ಟ್ರಿಯ ಪ್ರತಿಯನ್ನು ಇಟ್ಟುಕೊಂಡು, ಸಿ.ಡಿ. ಡ್ರೈವ್‌ಗಳ ವರ್ಗಕ್ಕೆ ಸೇರಿದ (4ಡಿ36ಇ965 ಎಂದು ಆರಂಭವಾಗುವ) ಕೀಲಿಯಲ್ಲಿ ಮಾತ್ರ ಆ ಎರಡು ಫಿಲ್ಟರ್ ನಮೂದುಗಳನ್ನು ಅಳಿಸಬೇಕು. ಅನಂತರ ಡಿಸ್ಕ್ ಬರೆಯುವ ತಂತ್ರಾಂಶವನ್ನು ಮತ್ತೆ ಸ್ಥಾಪಿಸಬೇಕಾಗಬಹುದು. ಬೇರೆ ಕೀಲಿಗಳಲ್ಲಿರುವ ಅದೇ ಹೆಸರಿನ ನಮೂದುಗಳನ್ನು ಮುಟ್ಟಬಾರದು. ಮುಟ್ಟಿದರೆ ಕೀಲಿಮಣೆ, ಮೌಸ್ ಮುಂತಾದವು ನಿಲ್ಲಬಹುದು.

ಮಾಹಿತಿಯನ್ನು ಉಳಿಸಿಕೊಳ್ಳುವುದು

ಓದಲಾಗದ ಡಿಸ್ಕನ್ನು ವಿಂಡೋಸ್ ಖಾಲಿಯೆಂದು ಭಾವಿಸಿ, ಅದನ್ನು ಫಾರ್ಮ್ಯಾಟ್ ಮಾಡಲು ಅಥವಾ ಅದಕ್ಕೆ ಬರೆಯಲು ಅನುಮತಿ ಕೇಳಬಹುದು. ಇದಕ್ಕೆ ಎಂದಿಗೂ ಒಪ್ಪಬಾರದು. ದೋಷಕ್ಕಿಂತ ಹೆಚ್ಚಿನ ಹಾನಿ ಈ ಹಂತದಲ್ಲಿಯೇ ಆಗುತ್ತದೆ.

ಡಿಸ್ಕನ್ನು ಮೃದುವಾದ, ನೂಲು ಬಿಡದ ಬಟ್ಟೆಯಿಂದ ಕೇಂದ್ರದಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು. ಸುತ್ತಲಾಗಿ ಒರೆಸಿದರೆ ಗೀರು ಮಾಹಿತಿಯ ಸಾಲಿನ ಉದ್ದಕ್ಕೂ ಬೀಳುತ್ತದೆ. ಡಿಸ್ಕಿನಲ್ಲಿರುವ ದೋಷ ಸರಿಪಡಿಸುವ ಸಂಕೇತಗಳು ಅಡ್ಡ ಗೀರನ್ನು ಸಹಿಸುವಷ್ಟು ಅಂತಹ ಗೀರನ್ನು ಸಹಿಸುವುದಿಲ್ಲ. ಲಿನಕ್ಸ್‌ನಲ್ಲಿ ದೊರೆಯುವ ಡಿಡಿರೆಸ್ಕ್ಯೂ ಎಂಬ ಮುಕ್ತ ತಂತ್ರಾಂಶವು ಓದಲು ಬಂದಷ್ಟು ಭಾಗವನ್ನು ಮೊದಲು ಪ್ರತಿ ಮಾಡಿ, ಉಳಿದ ಭಾಗಕ್ಕೆ ಮತ್ತೆ ಪ್ರಯತ್ನಿಸುತ್ತದೆ. ಒಂದು ಡ್ರೈವ್ ಓದದ ಭಾಗವನ್ನು ಇನ್ನೊಂದು ಡ್ರೈವಿನಿಂದ ಓದಿ, ಒಂದೇ ಪ್ರತಿಯಲ್ಲಿ ಸೇರಿಸಲೂ ಇದರಲ್ಲಿ ಸಾಧ್ಯವಿದೆ. ಮುಕ್ತಾಯಗೊಳಿಸದ ಡಿಸ್ಕ್‌ಗಳಿಗೆ ಐಸೋಬಸ್ಟರ್ ತಂತ್ರಾಂಶವನ್ನು ಬಳಸಲಾಗುತ್ತದೆ.

ಸಂರಕ್ಷಣೆ

ಸಿ.ಡಿ.ಯಲ್ಲಿ ಮಾಹಿತಿಯ ಪದರವು ಹೆಸರು ಬರೆಯುವ ಮೇಲ್ಭಾಗಕ್ಕೆ ಹತ್ತಿರದಲ್ಲಿ, ತೆಳುವಾದ ಅರಗಿನ ಲೇಪದ ಕೆಳಗಿರುತ್ತದೆ. ಆದುದರಿಂದ ಹೊಳೆಯುವ ಬದಿಯ ಗೀರಿಗಿಂತ ಮೇಲ್ಭಾಗದ ಗೀರು ಹೆಚ್ಚು ಅಪಾಯಕಾರಿ. ಬಾಲ್ ಪೆನ್ನಿನಿಂದ ಬರೆಯುವುದು ಮತ್ತು ಕಾಗದದ ಚೀಟಿ ಅಂಟಿಸುವುದು ಸಲ್ಲದು. ಡಿ.ವಿ.ಡಿ.ಯಲ್ಲಿ ಮಾಹಿತಿಯ ಪದರವು ತಲಾ 0.6 ಮಿಲಿಮೀಟರ್ ದಪ್ಪದ ಎರಡು ಹಾಳೆಗಳ ನಡುವೆ ಇರುತ್ತದೆ. ಆದರೆ ಅಂಟು ಬಿಟ್ಟರೆ ಡಿಸ್ಕ್ ಕೆಡುತ್ತದೆ.

ನದೀತೀರದ ಊರುಗಳಲ್ಲಿ ತೇವ ಇನ್ನೊಂದು ಅಪಾಯ. 2019ರ ಆಗಸ್ಟ್‌ನಲ್ಲಿ ಕಬಿನಿ ಜಲಾಶಯದಿಂದ ಹೆಚ್ಚಿನ ನೀರನ್ನು ಬಿಟ್ಟಾಗ ನಂಜನಗೂಡಿನ ತಗ್ಗು ಪ್ರದೇಶಗಳಿಗೆ ನೀರು ನುಗ್ಗಿತ್ತು. ಹೀಗೆ ನೆನೆದ ಡಿಸ್ಕ್‌ಗಳನ್ನು ಎಸೆಯಬೇಕಾಗಿಲ್ಲ. ಪೆಟ್ಟಿಗೆಯಿಂದ ಬೇಗನೆ ಹೊರತೆಗೆದು, ಕೆಸರನ್ನು ಉಜ್ಜದೆ ಶುದ್ಧ ನೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿ, ಪೂರ್ಣ ಒಣಗಿದ ಮೇಲೆ ಪ್ರತಿ ಮಾಡಿಕೊಳ್ಳಬೇಕು. ಒದ್ದೆ ಡಿಸ್ಕನ್ನು ಡ್ರೈವಿಗೆ ಹಾಕಬಾರದು.

ನ್ಯಾಯಾಲಯದ ದಾಖಲೆಯಾಗಿ

ಅನ್ವರ್ ಪಿ.ವಿ. ವಿರುದ್ಧ ಪಿ.ಕೆ. ಬಶೀರ್ ಪ್ರಕರಣದಲ್ಲಿ (2014) ಸರ್ವೋಚ್ಚ ನ್ಯಾಯಾಲಯವು, ಭಾರತೀಯ ಸಾಕ್ಷ್ಯ ಅಧಿನಿಯಮದ 65ಬಿ ಕಲಮಿನ ಪ್ರಮಾಣಪತ್ರವಿಲ್ಲದೆ ಹಾಜರುಪಡಿಸಿದ ಸಿ.ಡಿ.ಗಳನ್ನು ಸಾಕ್ಷ್ಯವಾಗಿ ಒಪ್ಪಲಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮು ಇದೇ ವಿಷಯಕ್ಕೆ ಸಂಬಂಧಿಸಿದೆ. ಪ್ರಮಾಣಪತ್ರವಿದ್ದರೂ ಡಿಸ್ಕ್ ತೆರೆಯದಿದ್ದರೆ ಪ್ರಯೋಜನವಿಲ್ಲ. ಆದುದರಿಂದ ಇಂತಹ ಡಿಸ್ಕನ್ನು ಫೈನಲೈಸ್ ಮಾಡಿ, ಬರೆದ ಮೇಲೆ ಪರಿಶೀಲಿಸುವ ‘ವೆರಿಫೈ’ ಆಯ್ಕೆಯನ್ನು ಬಳಸಿ, ಇನ್ನೊಂದು ಗಣಕಯಂತ್ರದಲ್ಲಿಯೂ ತೆರೆದು ನೋಡಿದ ಬಳಿಕವೇ ಸಲ್ಲಿಸುವುದು ಸೂಕ್ತ. ಮೂಲ ಕಡತವನ್ನೂ ಅದು ಇದ್ದ ಸಾಧನವನ್ನೂ ಬದಲಾಯಿಸದೆ ಕಾಯ್ದಿರಿಸಬೇಕು.