ಚಳಿಗಾಲದಲ್ಲಿ ವಿಂಡ್ಸರ್

ಇಂಗ್ಲೆಂಡನ್ನು ನೋಡುವುದಾದರೆ ಬೇಸಗೆಯಲ್ಲೇ ನೋಡಬೇಕೆಂಬುದು ನಮ್ಮಲ್ಲಿ ಬೇರೂರಿರುವ ನಂಬಿಕೆ. ವಿಂಡ್ಸರ್ ಕೋಟೆಯ ಮಟ್ಟಿಗಂತೂ ಈ ಮಾತು ಸಲ್ಲದು. ನಾಲ್ಕನೆಯ ಜಾರ್ಜ್ ದೊರೆ ತನ್ನ ವಾಸಕ್ಕೆಂದು ಕಟ್ಟಿಸಿಕೊಂಡ ಸೊಗಸಾದ ಕೊಠಡಿಗಳನ್ನು ಜನರಿಗೆ ತೆರೆಯುವುದೇ ಚಳಿಗಾಲದಲ್ಲಿ. ಅದಕ್ಕಿಂತ ಮಿಗಿಲಾಗಿ, ಈ ಕೋಟೆಯ ಚರಿತ್ರೆಯಲ್ಲಿ ಮನಸ್ಸಿಗೆ ನಾಟುವ ಪ್ರಸಂಗಗಳು ಬಹುಮಟ್ಟಿಗೆ ನವೆಂಬರಿಗೂ ಫೆಬ್ರವರಿಗೂ ನಡುವೆ ನಡೆದಂಥವು. ನಾನು ಹೋದದ್ದು ಜನವರಿಯಲ್ಲಿ.

ಲಂಡನ್ನಿನಿಂದ ಪಶ್ಚಿಮಕ್ಕೆ ಇಪ್ಪತ್ತು ಮೈಲಿಗೆ ತುಸು ಮೇಲೆ, ಥೇಮ್ಸ್ ನದಿಯ ದಡದ ಗುಡ್ಡದ ಮೇಲೆ ಈ ಕೋಟೆಯಿದೆ. 1066ರಲ್ಲಿ ಇಂಗ್ಲೆಂಡನ್ನು ಗೆದ್ದ ನಾರ್ಮನ್ ದೊರೆ ವಿಲಿಯಂ, ರಾಜಧಾನಿಯ ಸುತ್ತ ಕಾವಲಿಗೆಂದು ಎಬ್ಬಿಸಿದ ಕೋಟೆಗಳಲ್ಲಿ ಇದೊಂದು. ಆಗ ಇದ್ದದ್ದು ಮಣ್ಣಿನ ದಿಬ್ಬ, ಮರದ ಬೇಲಿ ಅಷ್ಟೆ. ಕಲ್ಲಿನ ಗೋಡೆಗಳು ಬಂದದ್ದು ಅನಂತರ. ಸುಮಾರು 13 ಎಕರೆಯ ಈ ಆವರಣದಲ್ಲಿ ಒಂಬೈನೂರು ವರ್ಷಗಳಿಗೂ ಮೇಲ್ಪಟ್ಟು ರಾಜಮನೆತನದವರು ವಾಸಿಸುತ್ತ ಬಂದಿದ್ದಾರೆ. ನಮ್ಮ ಚಿತ್ರದುರ್ಗದ ಏಳು ಸುತ್ತನ್ನು ಕಂಡ ಕಣ್ಣಿಗೆ ಇದರ ಗೋಡೆಗಳು ಅಂಥ ದುರ್ಗಮವಾಗಿ ತೋರವು. ಆದರೆ ದುರ್ಗದಲ್ಲಿ ಒಲೆ ಹೊತ್ತುವುದು ನಿಂತು ಎಷ್ಟೋ ಕಾಲವಾಯಿತು. ಇಲ್ಲಿ ಇನ್ನೂ ಹೊತ್ತುತ್ತಿದೆ.

ಮೊದಲು ಸೇಂಟ್ ಜಾರ್ಜ್ ದೇವಾಲಯ. ಗಾಯಕರ ಪೀಠಗಳ ನಡುವೆ ನೆಲದಲ್ಲಿ ಒಂದು ಕಪ್ಪು ಚಪ್ಪಡಿಯಿದೆ. ಅದರ ಕೆಳಗಿನ ನೆಲಮಾಳಿಗೆಯಲ್ಲಿ ಎಂಟನೆಯ ಹೆನ್ರಿ, ಅವನ ರಾಣಿ ಜೇನ್ ಸೀಮೋರ್, ಮತ್ತು ಒಂದನೆಯ ಚಾರ್ಲ್ಸ್ ಮಲಗಿದ್ದಾರೆ. 1649ರ ಜನವರಿ 30ರಂದು ಚಾರ್ಲ್ಸನ ತಲೆ ಕಡಿಸಿದವರು ಅವನನ್ನು ಲಂಡನ್ನಿನ ವೆಸ್ಟ್‌ಮಿನ್‌ಸ್ಟರಿನಲ್ಲಿ ಹೂಳಲು ಒಪ್ಪಲಿಲ್ಲ. ಜನ ಸೇರಿಯಾರೆಂಬ ಅಂಜಿಕೆ. ದೇಹವನ್ನು ಇಲ್ಲಿಗೆ ತಂದರು. ಆಳು ಹರ್ಬರ್ಟ್ ಬರೆದಿಟ್ಟಂತೆ, ಹೊರಟಾಗ ತಿಳಿಯಾಗಿದ್ದ ಆಕಾಶದಿಂದ ದಾರಿಯಲ್ಲಿ ಹಿಮ ದಟ್ಟವಾಗಿ ಸುರಿದು, ಶವಪೆಟ್ಟಿಗೆಯ ಮೇಲಿನ ಕರಿಯ ಮಖಮಲ್ಲು ಗುಡಿಯ ಬಾಗಿಲು ಸೇರುವ ಹೊತ್ತಿಗೆ ಬೆಳ್ಳಗಾಗಿತ್ತು. ಹರ್ಬರ್ಟ್ ಇದನ್ನು ಬರೆದದ್ದು ಎಷ್ಟೋ ವರ್ಷಗಳ ಮೇಲೆ. ಆದಕಾರಣ ಚರಿತ್ರಕಾರರು ಹುಬ್ಬೇರಿಸುತ್ತಾರೆ. ಹಿಮದ ಮಾತು ಹೇಗಾದರೂ ಇರಲಿ, ಬಿಷಪ್ ಜಕ್ಸನ್ ಹಳೆಯ ಪ್ರಾರ್ಥನಾಪುಸ್ತಕದಿಂದ ಮಂತ್ರ ಓದಲು ಬಯಸಿದಾಗ ಕೋಟೆಯ ಅಧಿಕಾರಿ ತಡೆದನೆಂಬುದು ನಿಜ. ಒಂದು ರಾಜ್ಯದ ದೊರೆ ಒಂದು ಮಾತೂ ಇಲ್ಲದೆ ಮಣ್ಣಾದ. 1813ರಲ್ಲಿ ಮಾಳಿಗೆಯನ್ನು ತೆರೆದಾಗ ಅವನ ಕೊರಳಿನ ಮೂಳೆಯ ತುಂಡೊಂದು ವೈದ್ಯನೊಬ್ಬನ ಕೈಸೇರಿತು. ಅದನ್ನು ಗೋರಿಗೆ ಹಿಂದಿರುಗಿಸಿದ್ದು 1888ರಲ್ಲಿ!

ವಿಕ್ಟೋರಿಯಾ ರಾಣಿಯ ಪತಿ ಆಲ್ಬರ್ಟ್ ಇಲ್ಲಿಯೇ 1861ರ ಡಿಸೆಂಬರ್ 14ರಂದು ತೀರಿಕೊಂಡನು. ಅವನ ಕ್ಷೌರಕ್ಕೆಂದು ಬಿಸಿನೀರನ್ನು ಆಮೇಲೂ ದಿನಾ ತಂದಿಡುತ್ತಿದ್ದರು. ಆ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ.

1992ರ ನವೆಂಬರ್ 20ರಂದು ಅರಮನೆಯ ಖಾಸಗಿ ಪೂಜಾಗೃಹದಲ್ಲಿ ದೀಪದ ಕಾವಿಗೆ ಪರದೆ ಹೊತ್ತಿಕೊಂಡು, ಬೆಂಕಿ ಹದಿನೈದು ಗಂಟೆ ಉರಿಯಿತು. ನೂರಕ್ಕೂ ಮೇಲ್ಪಟ್ಟು ಕೋಣೆಗಳು ಕೆಟ್ಟವು. ಸೇಂಟ್ ಜಾರ್ಜ್ ಹಾಲಿನ ಚಾವಣಿ ಕುಸಿಯಿತು. ಅರಮನೆಗೆ ವಿಮೆಯಿರಲಿಲ್ಲ. ಸರ್ಕಾರವೇ ಖರ್ಚು ಕೊಡುವುದೆಂದಾಗ ಜನ ಗದ್ದಲವೆಬ್ಬಿಸಿದರು. ಕೊನೆಗೆ ಬಕಿಂಗ್‌ಹ್ಯಾಮ್ ಅರಮನೆಯನ್ನು 1993ರಿಂದ ಟಿಕೆಟ್ಟಿಟ್ಟು ತೆರೆದು ಹೆಚ್ಚಿನ ಹಣವನ್ನು ಕೂಡಿಸಿದರು. ಸುಮಾರು 3.65 ಕೋಟಿ ಪೌಂಡ್ ಖರ್ಚಿನ ಈ ಕೆಲಸ 1997ಕ್ಕೆ ಮುಗಿಯಿತು. ಹಾಲಿಗೆ ಹಸಿಯ ಓಕ್ ಮರದ ಹೊಸ ಚಾವಣಿ ಬಂದಿದೆ. ನಮ್ಮ ಮೈಸೂರಿನ ಮರದ ಅರಮನೆ 1897ರಲ್ಲಿ ಮದುವೆಯ ಸಂಭ್ರಮದ ನಡುವೆ ಸುಟ್ಟಾಗ ನಮ್ಮವರು ಕಲ್ಲು, ಕಬ್ಬಿಣಗಳನ್ನು ನಂಬಿದರು. ಇವರು ಮತ್ತೆ ಮರವನ್ನೇ ನಂಬಿದರು. ಆ ಚಾವಣಿಯ ತುಂಬ ಗಾರ್ಟರ್ ಪದವಿ ಪಡೆದ ವೀರರ ಲಾಂಛನಗಳಿವೆ. ನಡುನಡುವೆ ಬರಿಯ ಬಿಳಿಯ ಗುರಾಣಿಗಳೂ ಕಾಣುತ್ತವೆ. ಪದವಿ ಕಿತ್ತುಕೊಳ್ಳಲ್ಪಟ್ಟವರ ಸ್ಥಾನಗಳವು.

ಹೆಚ್ಚಿನ ಚಿತ್ರಗಳನ್ನು ಅದೃಷ್ಟವಶಾತ್ ಮೊದಲೇ ಬೇರೆಡೆಗೆ ಸಾಗಿಸಿದ್ದರು. ಸುಟ್ಟುಹೋದದ್ದು, ಹೊರಗೆ ತರಲಾಗದಷ್ಟು ದೊಡ್ಡದಾಗಿದ್ದ ಒಂದು: ಕುದುರೆಯೇರಿ ಸೈನ್ಯವನ್ನು ಪರೀಕ್ಷಿಸುತ್ತಿರುವ ಮೂರನೆಯ ಜಾರ್ಜ್, ಬೀಚಿ ಬರೆದದ್ದು. ಶ್ರೀರಂಗಪಟ್ಟಣ ಬಿದ್ದಾಗ ಇಂಗ್ಲೆಂಡಿನಲ್ಲಿ ಆಳುತ್ತಿದ್ದ ದೊರೆ ಇವನೇ. ಕೊನೆಯ ವರ್ಷಗಳನ್ನು ಅವನು ಈ ಕೋಟೆಯಲ್ಲೇ, ಬುದ್ಧಿ ಕೆಟ್ಟು, ಕಣ್ಣು ಹೋಗಿ, ಕಿವಿಯೂ ಮಂದವಾಗಿ ಕಳೆದನು. 1818ರಲ್ಲಿ ರಾಣಿ ಶಾರ್ಲಟ್ ಸತ್ತದ್ದೂ ಅವನಿಗೆ ತಿಳಿಯಲಿಲ್ಲವೆನ್ನುತ್ತಾರೆ. 1820ರ ಜನವರಿ 29ರಂದು ಅವನ ಪ್ರಾಣ ಹೋಯಿತು.

ಟಿಪ್ಪುವಿನ ಸಿಂಹಾಸನದ ಮೇಲಿದ್ದ ಹುಮಾ ಪಕ್ಷಿ ಬಂದದ್ದು ಈ ದೊರೆಗೆ. ಯಾರ ತಲೆಯ ಮೇಲೆ ಅದರ ನೆರಳು ಬೀಳುವುದೋ ಅವರಿಗೆ ಕಿರೀಟ ಬರುವುದೆಂದು ಪ್ರತೀತಿ. ಚಿನ್ನದಲ್ಲಿ ಮಾಡಿ ಕೆಂಪು, ಪಚ್ಚೆ, ವಜ್ರ, ಮುತ್ತುಗಳನ್ನು ಕೂಡಿಸಿದ ಹಕ್ಕಿ. ಅರಸ ಅದನ್ನು ರಾಣಿಗೆ ಕೊಟ್ಟನು. ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಸಿಂಹಾಸನವನ್ನು ಇಡಿಯಾಗಿಯೇ ಕಳಿಸುವ ಆಸೆಯಿತ್ತಂತೆ. ಆದರೆ ಅಷ್ಟರಲ್ಲಿ ಲೂಟಿಯ ಪಾಲು ಹಂಚುವ ಅಧಿಕಾರಿಗಳು ಅದನ್ನು ಒಡೆದು ಹಾಕಿದ್ದರು. ಇಂಗ್ಲಿಷರನ್ನು ಗೆಲ್ಲುವವರೆಗೂ ಅದರ ಮೇಲೆ ಕೂರುವುದಿಲ್ಲವೆಂದು ಟಿಪ್ಪು ಶಪಥ ಮಾಡಿದ್ದನೆಂದು ಹೇಳುತ್ತಾರೆ. ನಿಜವಾಗಿದ್ದರೆ, ಕೂತವರಾರೂ ಇಲ್ಲದೆಯೇ ಒಡೆದುಹೋದ ಸಿಂಹಾಸನ ಅದು.

ಅದರ ಬುಡದಲ್ಲಿದ್ದ ಹುಲಿಯ ತಲೆಯನ್ನು ಈಸ್ಟ್ ಇಂಡಿಯಾ ಕಂಪನಿಯವರು 1831ರಲ್ಲಿ ನಾಲ್ಕನೆಯ ವಿಲಿಯಂ ದೊರೆಗೆ ಒಪ್ಪಿಸಿದರು. ಗೆದ್ದು ತಂದ ಆಯುಧಗಳನ್ನು ಗೋಡೆಗೆ ತುಂಬಿದ ದೊಡ್ಡ ಮೊಗಸಾಲೆಯಲ್ಲಿ, ನೆಲ್ಸನ್ನನನ್ನು ಕೊಂದ ಗುಂಡನ್ನು ಇಟ್ಟಿರುವ ಕಡೆಯೇ ಅದನ್ನು ಕಂಡೆ. ಮರದ ಮೇಲೆ ಚಿನ್ನದ ತಗಡು. ಕಣ್ಣೂ ಹಲ್ಲೂ ಸ್ಫಟಿಕದವು. ಬಾಯಿ ತೆರೆದಿದೆ. ಸಣ್ಣದೆಂದುಕೊಂಡು ಹೋಗಿದ್ದವನಿಗೆ ನಿಜವಾದ ಹುಲಿಯ ತಲೆಯ ಅಳತೆ ಕಂಡು ಹೆಜ್ಜೆ ನಿಂತಿತು. ಚಳಿಯ ದಿನವಾದ್ದರಿಂದ ಜನವಿರಲಿಲ್ಲ. ಬಹಳ ಹೊತ್ತು ಎದುರಿಗಿದ್ದೆ. ಕೆಲಸಗಾರಿಕೆ ನಮ್ಮ ಸೀಮೆಯದೆಂಬ ಹೆಮ್ಮೆ ಒಂದು ಕಡೆ. ಬರೆದಿಟ್ಟ ಚೀಟಿಯಲ್ಲಿ ಅದು ಉಡುಗೊರೆಯೆಂದಿರುವುದನ್ನು ಓದಿ ಬಂದ ಬೇಸರ ಇನ್ನೊಂದು ಕಡೆ. ಕಂಪನಿ ದೊರೆಗೆ ಕೊಟ್ಟದ್ದು ಉಡುಗೊರೆಯೇ ಸರಿ, ಕಂಪನಿಗೆ ಕೊಟ್ಟವರಾರು?

ಅದೇ ಸಿಂಹಾಸನದ ಕಟಕಟೆಯ ಮೇಲಿದ್ದ ಸಣ್ಣ ಹುಲಿಮುಖಗಳಲ್ಲೊಂದು ವೇಲ್ಸಿನ ಪೊವಿಸ್ ಕೋಟೆಯಲ್ಲಿದೆ. ಬೇರೆ ಕೆಲವು ಈಚೆಗೆ ಹರಾಜಿನಲ್ಲಿ ಬಿಕರಿಯಾದವು. ಶ್ರೀರಂಗಪಟ್ಟಣದಲ್ಲಿ ರಂಗನಾಥನ ಗುಡಿಯ ಹತ್ತಿರ ಟಿಪ್ಪುವಿನ ಅರಮನೆಯಿದ್ದ ಜಾಗದಲ್ಲಿ ಈಗ ತಳಪಾಯ ಮಾತ್ರ ಉಳಿದಿದೆ.