ಅನುದಾನದ ಬರ: ಬಡವಾದ ಶಿಶುಪಾಲನಾ ಕೇಂದ್ರಗಳು

ಬೆಂಗಳೂರು: ಜಯನಗರದ ಪೂರ್ವ ಅಂಚಿಗೆ ಹೊಂದಿಕೊಂಡಿರುವ ತಿಲಕ್ ನಗರದ ಇಕ್ಕಟ್ಟಾದ ಓಣಿಗಳಿಂದ ನಿತ್ಯ ಬೆಳಿಗ್ಗೆ ಮನೆಗೆಲಸಕ್ಕೆ ಹೊರಡುವ ಮಹಿಳೆಯರಿಗೆ ಕೂಲಿಗಿಂತ ಮೊದಲು ಎದುರಾಗುವ ಪ್ರಶ್ನೆ, ಮಗುವನ್ನು ಎಲ್ಲಿ ಬಿಡುವುದು ಎಂಬುದು. ಮೂರು ವರ್ಷ ತುಂಬಿದ ಮಗುವಿಗೆ ಅಂಗನವಾಡಿ ಇದೆ. ಅದಕ್ಕಿಂತ ಚಿಕ್ಕ ಕೂಸನ್ನು ಅಜ್ಜಿಯೋ, ಎಂಟು-ಹತ್ತು ವರ್ಷದ ಅಕ್ಕನೋ ನೋಡಿಕೊಳ್ಳಬೇಕು. ಅಕ್ಕ ಶಾಲೆ ತಪ್ಪಿಸುವುದು ಆರಂಭವಾಗುವುದೂ ಅಲ್ಲಿಂದಲೇ.

ದುಡಿಯುವ ತಾಯಂದಿರ ಈ ಕೊರತೆಯನ್ನು ದಶಕಗಳ ಕಾಲ ತಕ್ಕಮಟ್ಟಿಗೆ ತುಂಬಿದ್ದು ಸ್ವಯಂಸೇವಾ ಸಂಸ್ಥೆಗಳು ಸರ್ಕಾರದ ಅನುದಾನದಿಂದ ನಡೆಸುತ್ತಿದ್ದ ಶಿಶುಪಾಲನಾ ಕೇಂದ್ರಗಳು. ಯೋಜನೆಯನ್ನು ಸರ್ಕಾರ ಎಂದೂ ರದ್ದುಪಡಿಸಲಿಲ್ಲ. ಹಣ ಹಂಚಿಕೆಯ ನಿಯಮ ಬದಲಾಯಿತು, ಅಷ್ಟೆ. ಆದರೆ ಸಣ್ಣ ಸಂಸ್ಥೆಗಳು ಕೈಚೆಲ್ಲಲು ಅಷ್ಟೇ ಸಾಕಾಯಿತು.

ಯೋಜನೆ ಬೆಳೆದ ಬಗೆ

1974ರ ರಾಷ್ಟ್ರೀಯ ಮಕ್ಕಳ ನೀತಿಯ ಬೆನ್ನಿಗೆ, ದುಡಿಯುವ ಹಾಗೂ ಅನಾರೋಗ್ಯಪೀಡಿತ ತಾಯಂದಿರ ಮಕ್ಕಳಿಗಾಗಿ ಪಾಲನಾ ಕೇಂದ್ರ ತೆರೆಯುವ ಸ್ವಯಂಸೇವಾ ಸಂಸ್ಥೆಗಳಿಗೆ ನೆರವು ನೀಡುವ ಯೋಜನೆಯನ್ನು ಕೇಂದ್ರ ಸರ್ಕಾರ ಆರಂಭಿಸಿತು. 1994ರಲ್ಲಿ ರಾಷ್ಟ್ರೀಯ ಶಿಶುಪಾಲನಾ ನಿಧಿ ಸ್ಥಾಪನೆಯಾಯಿತು. ಇವೆರಡನ್ನೂ ಒಗ್ಗೂಡಿಸಿ 2006ರ ಜನವರಿ 1ರಿಂದ ರಾಜೀವ್ ಗಾಂಧಿ ರಾಷ್ಟ್ರೀಯ ಶಿಶುಪಾಲನಾ ಯೋಜನೆಯನ್ನು ಜಾರಿಗೆ ತರಲಾಯಿತು. ದುರ್ಗಾಬಾಯಿ ದೇಶಮುಖ್ ಅವರ ನೇತೃತ್ವದಲ್ಲಿ 1953ರಲ್ಲಿ ಸ್ಥಾಪನೆಯಾದ ಕೇಂದ್ರ ಸಮಾಜ ಕಲ್ಯಾಣ ಮಂಡಳಿ ಮತ್ತು ಭಾರತೀಯ ಮಕ್ಕಳ ಕಲ್ಯಾಣ ಪರಿಷತ್ತು ಈ ಹಣವನ್ನು ಸಂಸ್ಥೆಗಳಿಗೆ ತಲುಪಿಸುವ ಮುಖ್ಯ ಮಾಧ್ಯಮಗಳಾಗಿದ್ದವು.

ಆರು ತಿಂಗಳಿಂದ ಆರು ವರ್ಷದೊಳಗಿನ 25 ಮಕ್ಕಳು, ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ - ಇದು ಒಂದು ಕೇಂದ್ರದ ಸ್ವರೂಪ.

ಮೂರೂವರೆ ಸಾವಿರದ ಲೆಕ್ಕ

2006ರ ನಿಯಮದಂತೆ ಒಂದು ಕೇಂದ್ರಕ್ಕೆ ಸಿಗುತ್ತಿದ್ದ ಅನುದಾನ ತಿಂಗಳಿಗೆ 3,532 ರೂಪಾಯಿ. ಇದರ ಒಳವಿವರ ಗಮನಿಸುವಂತಿದೆ. ಇಬ್ಬರು ಸಿಬ್ಬಂದಿಯ ಗೌರವಧನ 2,000 ರೂಪಾಯಿ. ಪೂರಕ ಆಹಾರಕ್ಕೆ ಮಗುವೊಂದಕ್ಕೆ ದಿನಕ್ಕೆ 2 ರೂಪಾಯಿ 8 ಪೈಸೆಯಂತೆ 25 ಮಕ್ಕಳಿಗೆ 26 ದಿನಕ್ಕೆ 1,352 ರೂಪಾಯಿ. ಔಷಧಿ ಮತ್ತು ಸಾದಿಲ್ವಾರು ವೆಚ್ಚಕ್ಕೆ 350 ರೂಪಾಯಿ. ಗೌರವಧನವನ್ನು ಸರ್ಕಾರ ಪೂರ್ತಿಯಾಗಿ ಭರಿಸುತ್ತಿತ್ತು. ಉಳಿದ ವೆಚ್ಚದ ಶೇ 90ರಷ್ಟನ್ನು ಕೊಡುತ್ತಿತ್ತು. ಸಂಸ್ಥೆಯ ಪಾಲಿಗೆ ಬರುತ್ತಿದ್ದುದು ತಿಂಗಳಿಗೆ ಸುಮಾರು 170 ರೂಪಾಯಿ ಮಾತ್ರ.

ಕಾಗದದ ಮೇಲಿನ ಈ ಲೆಕ್ಕದಲ್ಲಿ ಬಾಡಿಗೆಯೇ ಇಲ್ಲ ಎಂಬುದನ್ನು ಬೆಂಗಳೂರಿನ ಯಾರೂ ಥಟ್ಟನೆ ಗುರುತಿಸಬಲ್ಲರು. ದೇವಸ್ಥಾನದ ಹಜಾರ, ಮಸೀದಿಯ ಪಕ್ಕದ ಕೋಣೆ, ಸಮುದಾಯ ಭವನದ ಮೂಲೆ, ದಾನಿಯೊಬ್ಬರ ಕೆಳಮಹಡಿ ಹೀಗೆ ಎಲ್ಲಾದರೂ ಜಾಗ ಹೊಂದಿಸಿಕೊಂಡರಷ್ಟೇ ಕೇಂದ್ರ ನಡೆಯುತ್ತಿತ್ತು. ಸರ್ಕಾರದ ಹಣಕ್ಕೆ ಜನರ ಹಂಗು ಸೇರಿದಾಗಲೇ ಯೋಜನೆ ಉಸಿರಾಡುತ್ತಿತ್ತು ಎನ್ನಬಹುದು. ಅನುದಾನ ಪಡೆದ ಸಂಸ್ಥೆಗಳೆಲ್ಲವೂ ಪ್ರಾಮಾಣಿಕವಾಗಿದ್ದವೆಂದು ವಾದಿಸುವುದು ಕಷ್ಟ. ಹಾಜರಿ ಪುಸ್ತಕದಲ್ಲಿದ್ದಷ್ಟು ಮಕ್ಕಳು ಚಾಪೆಯ ಮೇಲೆ ಇರದ ಕೇಂದ್ರಗಳೂ ಇದ್ದಿರಬಹುದು. ತಪಾಸಣೆ ಬಿಗಿಗೊಳಿಸಲು ಅದು ಕಾರಣವಾಗಬೇಕಿತ್ತು.

2017ರಲ್ಲಿ ಆದದ್ದೇನು?

2017ರ ಜನವರಿ 1ರಿಂದ ಯೋಜನೆಯ ಹೆಸರು ರಾಷ್ಟ್ರೀಯ ಶಿಶುಪಾಲನಾ ಯೋಜನೆ ಎಂದಾಯಿತು. ಅದು ರಾಜ್ಯಗಳ ಮೂಲಕ ನಡೆಯುವ ಕೇಂದ್ರ ಪುರಸ್ಕೃತ ಯೋಜನೆಯಾಗಿ ಮಾರ್ಪಟ್ಟಿತು. ಕರ್ನಾಟಕದಂತಹ ರಾಜ್ಯಗಳಿಗೆ ಎಲ್ಲ ಆವರ್ತಕ ವೆಚ್ಚದಲ್ಲಿ ಕೇಂದ್ರದ ಪಾಲು ಶೇ 60, ರಾಜ್ಯದ ಪಾಲು ಶೇ 30, ಸ್ವಯಂಸೇವಾ ಸಂಸ್ಥೆಯ ಪಾಲು ಶೇ 10 ಎಂದು ನಿಗದಿಯಾಯಿತು.

ಮೇಲ್ನೋಟಕ್ಕೆ ಇದು ಉದಾರ ಬದಲಾವಣೆ. ಕಾರ್ಯಕರ್ತೆಯ ಗೌರವಧನ 3,000 ರೂಪಾಯಿಗೂ, ಸಹಾಯಕಿಯದ್ದು 1,500 ರೂಪಾಯಿಗೂ ಏರಿತು. ಆದರೆ ಗೌರವಧನವೂ ಹಂಚಿಕೆಯ ವ್ಯಾಪ್ತಿಗೆ ಬಂದುದರಿಂದ, ಅದೊಂದರ ಬಾಬ್ತಿಗೇ ಸಂಸ್ಥೆ ತಿಂಗಳಿಗೆ 450 ರೂಪಾಯಿ ಹೊಂದಿಸಬೇಕಾಯಿತು. ಹತ್ತು ಕೇಂದ್ರ ನಡೆಸುವ ಸಂಸ್ಥೆಗೆ ಇದು ವರ್ಷಕ್ಕೆ 54 ಸಾವಿರ ರೂಪಾಯಿ. ಆಹಾರದ ಹತ್ತನೇ ಒಂದು ಪಾಲು ಇದರ ಮೇಲೆ.

ಇದಕ್ಕಿಂತ ದೊಡ್ಡ ಪೆಟ್ಟು ಬಿದ್ದಿದ್ದು ಹಣ ಬರುವ ದಾರಿಯಲ್ಲಿ. ಮೊದಲು ಒಂದು ಬಾಗಿಲು ತಟ್ಟಿದರೆ ಸಾಕಿತ್ತು. ಈಗ ಕೇಂದ್ರದ ಕಂತು ರಾಜ್ಯದ ಖಜಾನೆಗೆ ಬರಬೇಕು, ರಾಜ್ಯ ತನ್ನ ಪಾಲು ಸೇರಿಸಬೇಕು, ಆಮೇಲೆ ಜಿಲ್ಲೆಗೆ ಬಿಡುಗಡೆಯಾಗಬೇಕು. ಹಿಂದಿನ ಕಂತಿನ ಹಣಬಳಕೆ ಪ್ರಮಾಣಪತ್ರ ಸಲ್ಲದೆ ಮುಂದಿನದು ಬಾರದು. ಹಿಂದಿನ ಕಂತೇ ಮಾರ್ಚ್ ಕೊನೆಯಲ್ಲಿ ಬಂದರೆ ಬಳಸುವುದು ಯಾವಾಗ? ಮಗುವಿಗೆ ಹಾಲು ಬೇಕಾದದ್ದು ಜೂನ್ ತಿಂಗಳಲ್ಲಿ.

ಪರಿಣಾಮ ಅಂಕಿಗಳಲ್ಲಿ ಸ್ಪಷ್ಟವಾಗಿದೆ. 2010ರ ದಶಕದ ಮಧ್ಯಭಾಗದಲ್ಲಿ ದೇಶದಾದ್ಯಂತ ಇಪ್ಪತ್ತು ಸಾವಿರಕ್ಕೂ ಹೆಚ್ಚು ಕೇಂದ್ರಗಳಿದ್ದವು. 2020ರ ವೇಳೆಗೆ ಉಳಿದದ್ದು ಸುಮಾರು ಆರೂವರೆ ಸಾವಿರ. ವಿಪರ್ಯಾಸವೆಂದರೆ, ಐವತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳು ಶಿಶುಪಾಲನಾ ಸೌಲಭ್ಯ ಒದಗಿಸಬೇಕೆಂದು ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿಯಾದದ್ದೂ 2017ರಲ್ಲೇ. ಕಚೇರಿಯ ಉದ್ಯೋಗಿಗೆ ಬಾಗಿಲು ತೆರೆದ ವರ್ಷವೇ ಆಕೆಯ ಮನೆಗೆಲಸದವಳ ಮಗುವಿನ ಚಾಪೆ ಮಡಚಿತು.

ತಡವೂ ಕಡಿತವೇ

ಖಜಾನೆಯ ಹಾದಿ ಬದಲಾದಾಗ ಸಂಸ್ಥೆಗಳು ಒಣಗುವುದು ಇದೇ ಮೊದಲಲ್ಲ. 2014ರಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮದ ಹಣವನ್ನು ರಾಜ್ಯ ಏಡ್ಸ್ ನಿಯಂತ್ರಣ ಸಂಘಗಳಿಗೆ ನೇರವಾಗಿ ಕೊಡುವ ಬದಲು ರಾಜ್ಯಗಳ ಖಜಾನೆಯ ಮೂಲಕ ಕಳುಹಿಸುವ ಪದ್ಧತಿ ಬಂದಾಗ, ಲೈಂಗಿಕ ಕಾರ್ಯಕರ್ತೆಯರ ಮತ್ತು ಮಾದಕ ವ್ಯಸನಿಗಳ ನಡುವೆ ಕೆಲಸ ಮಾಡುತ್ತಿದ್ದ ಸಂಸ್ಥೆಗಳ ಸಿಬ್ಬಂದಿ ದೇಶದ ಹಲವೆಡೆ ತಿಂಗಳುಗಟ್ಟಲೆ ಸಂಬಳವಿಲ್ಲದೆ ದುಡಿದರು. ಮರುವರ್ಷದ ಕೇಂದ್ರ ಬಜೆಟ್‌ನಲ್ಲಿ ಆ ಕಾರ್ಯಕ್ರಮದ ಮೊತ್ತವನ್ನೇ ಐದನೇ ಒಂದು ಭಾಗಕ್ಕಿಂತ ಹೆಚ್ಚು ಇಳಿಸಲಾಯಿತು.

ಕೆಲವೆಡೆ ಕೆಲಸವನ್ನೇ ಸರ್ಕಾರ ಹಿಂದಕ್ಕೆ ಪಡೆದಿದೆ. 1988ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲಕಾರ್ಮಿಕ ಯೋಜನೆಯಡಿ ಬಹುಪಾಲು ಸ್ವಯಂಸೇವಾ ಸಂಸ್ಥೆಗಳೇ ನಡೆಸುತ್ತಿದ್ದ ವಿಶೇಷ ತರಬೇತಿ ಕೇಂದ್ರಗಳು, 2021ರಲ್ಲಿ ಯೋಜನೆ ಸಮಗ್ರ ಶಿಕ್ಷಣದಲ್ಲಿ ವಿಲೀನವಾದ ಮೇಲೆ ಉಳಿಯಲಿಲ್ಲ. 1996ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಮಕ್ಕಳ ಸಹಾಯವಾಣಿ 1098 ಅನ್ನು 2023ರಿಂದ ಹಂತಹಂತವಾಗಿ ಸರ್ಕಾರವೇ ವಹಿಸಿಕೊಂಡು 112 ತುರ್ತು ವ್ಯವಸ್ಥೆಯೊಂದಿಗೆ ಜೋಡಿಸಿತು.

ಬೇರೆ ಹಣವಿಲ್ಲವೇ?

ಸರ್ಕಾರದ ಅನುದಾನ ಕುಗ್ಗಿದರೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿ ಇದೆಯಲ್ಲ ಎಂಬ ಮಾತು ಸಾಮಾನ್ಯ. 2013ರ ಕಂಪನಿ ಕಾಯ್ದೆಯ ಪ್ರಕಾರ ನಿಗದಿತ ಮಟ್ಟದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ವೆಚ್ಚ ಮಾಡಬೇಕು; ಇದು 2014ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಆದರೆ ಈ ಹಣ ಪಡೆಯಲು ಸಂಸ್ಥೆಗಳು 2021ರಿಂದ ಪ್ರತ್ಯೇಕ ನೋಂದಣಿ ಮಾಡಿಸಿಕೊಳ್ಳಬೇಕಾಗಿದೆ. ಮೇಲಾಗಿ ಫಲಕ ಹಾಕಬಹುದಾದ ಶಾಲಾ ಕೊಠಡಿಗೆ ಹಣ ಸಿಕ್ಕಷ್ಟು ಸುಲಭವಾಗಿ ಸಹಾಯಕಿಯ ತಿಂಗಳ ಸಂಬಳಕ್ಕೆ ಸಿಗುವುದಿಲ್ಲ.

ವಿದೇಶಿ ದೇಣಿಗೆಯ ದಾರಿ ಇನ್ನೂ ಕಿರಿದು. 2020ರ ಸೆಪ್ಟೆಂಬರ್‌ನಲ್ಲಿ ತಿದ್ದುಪಡಿಯಾದ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯು ಒಂದು ಸಂಸ್ಥೆ ತಾನು ಪಡೆದ ಹಣವನ್ನು ಮತ್ತೊಂದಕ್ಕೆ ವರ್ಗಾಯಿಸುವುದನ್ನು ನಿಷೇಧಿಸಿತು. ಆಡಳಿತ ವೆಚ್ಚದ ಮಿತಿ ಶೇ 50ರಿಂದ ಶೇ 20ಕ್ಕೆ ಇಳಿಯಿತು. ದೇಣಿಗೆ ಮೊದಲು ಬೀಳಬೇಕಾದ ಖಾತೆ ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯಲ್ಲೇ ಇರಬೇಕೆಂದಾಯಿತು. 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಈ ತಿದ್ದುಪಡಿಗಳನ್ನು ಬಹುಮಟ್ಟಿಗೆ ಎತ್ತಿಹಿಡಿಯಿತು. ದೊಡ್ಡ ಸಂಸ್ಥೆಯೊಂದು ದೇಣಿಗೆ ತಂದು ಬಡಾವಣೆಯ ಸಣ್ಣ ಮಹಿಳಾ ಸಂಘಕ್ಕೆ ಹಂಚುತ್ತಿದ್ದ ಪದ್ಧತಿ ಅಲ್ಲಿಗೆ ಮುಗಿಯಿತು.

ತೆರಿಗೆ ವಿನಾಯಿತಿಯ ನೋಂದಣಿಯನ್ನೂ 2021ರಿಂದ ಐದು ವರ್ಷಕ್ಕೊಮ್ಮೆ ನವೀಕರಿಸುವಂತಾಗಿತ್ತು. ಸಣ್ಣ ಸಂಸ್ಥೆಗಳ ಮಟ್ಟಿಗೆ ಈ ಅವಧಿಯನ್ನು 2025ರ ಹಣಕಾಸು ಅಧಿನಿಯಮ ಹತ್ತು ವರ್ಷಕ್ಕೆ ವಿಸ್ತರಿಸಿದ್ದು ಅಪರೂಪದ ಸಮಾಧಾನ.

ಪಾಲನಾ ಮತ್ತು ಕೂಸಿನ ಮನೆ

2022ರಲ್ಲಿ ಮಿಷನ್ ಶಕ್ತಿಯ ಅಡಿಯಲ್ಲಿ ಶಿಶುಪಾಲನಾ ಯೋಜನೆ ‘ಪಾಲನಾ’ ಎಂಬ ಹೊಸ ಹೆಸರು ಪಡೆಯಿತು. ವೆಚ್ಚವನ್ನು ಕೇಂದ್ರ ಮತ್ತು ರಾಜ್ಯ 60:40ರಂತೆ ಹಂಚಿಕೊಳ್ಳುವ ಈ ವ್ಯವಸ್ಥೆಯಲ್ಲಿ ಒತ್ತು ಬಿದ್ದಿರುವುದು ಅಂಗನವಾಡಿಗಳಲ್ಲೇ ಪಾಲನಾ ಕೇಂದ್ರ ತೆರೆಯುವುದರ ಮೇಲೆ. ಕಟ್ಟಡ, ಆಹಾರ, ಸಿಬ್ಬಂದಿ ಒಂದೇ ಸೂರಿನಡಿ ಸಿಗುವುದು ಇದರ ಅನುಕೂಲ. ಕಳಚಿಹೋದ ಸಂಸ್ಥೆಗಳ ಅನುಭವಿ ಕಾರ್ಯಕರ್ತೆಯರಿಗೆ ಅಲ್ಲಿ ಜಾಗವಿದೆಯೇ ಎಂಬ ಬಗ್ಗೆ ಯಾರೂ ಹೆಚ್ಚು ತಲೆಕೆಡಿಸಿಕೊಂಡಂತಿಲ್ಲ.

ರಾಜ್ಯ ಸರ್ಕಾರ 2023-24ರ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ‘ಕೂಸಿನ ಮನೆ’ ಘೋಷಿಸಿತು. ಉದ್ಯೋಗ ಖಾತರಿ ಕೂಲಿಕಾರರ ಮಕ್ಕಳನ್ನು ಮುಖ್ಯವಾಗಿ ಗಮನದಲ್ಲಿಟ್ಟುಕೊಂಡು ರೂಪಿಸಿದ ಈ ಕಾರ್ಯಕ್ರಮ ಸ್ವಾಗತಾರ್ಹವೇ. ಆದರೆ ತಿಲಕ್ ನಗರ ಗ್ರಾಮ ಪಂಚಾಯಿತಿಯಲ್ಲ. 2023ರ ಜೂನ್ 11ರಂದು ಜಾರಿಯಾದ ಶಕ್ತಿ ಯೋಜನೆಯಿಂದ ಅಲ್ಲಿನ ಮಹಿಳೆ ಬನಶಂಕರಿಗೋ ಜೆ.ಪಿ. ನಗರಕ್ಕೋ ಬಸ್ ಚಾರ್ಜಿಲ್ಲದೆ ಕೆಲಸಕ್ಕೆ ಹೋಗಬಲ್ಲಳು. ಮೂರು ವರ್ಷ ತುಂಬದ ಮಗು ಅಷ್ಟು ಹೊತ್ತು ಎಲ್ಲಿರಬೇಕೆಂಬುದನ್ನು ಈಗಲೂ ತೀರ್ಮಾನಿಸುವುದು ಪಕ್ಕದ ಮನೆಯವರ ದಾಕ್ಷಿಣ್ಯ.